ಪಾರ್ಕಿನ ಬೆಂಚು, ಬಿಪಿ ಮಾತ್ರೆ, ಸೀರಿಯಲ್ ಸುದ್ದಿ

ಪ್ರಶ್ನೆ: ಡಾಕ್ಟ್ರೇ, ನನಗೆ 57 ವರ್ಷ, ಊರು ದಾವಣಗೆರೆ. ನಾವು ಐದು ಜನ ಗೆಳತಿಯರು ದಿನಾ ಸಂಜೆ ಮನೆ ಹತ್ತಿರದ ಪಾರ್ಕಿನಲ್ಲಿ ಸೇರುತ್ತೇವೆ. ಏಳು ಗಂಟೆಗೆ ಸೀರಿಯಲ್ ಶುರುವಾಗುವವರೆಗೆ ಬೆಂಚಿನ ಮೇಲೆ ಕೂತು ಮಾತು. ಮಂಡಿ ನೋವು, ಶುಗರ್, ಥೈರಾಯ್ಡ್, ಆಮೇಲೆ ಸೀರಿಯಲ್‌ನವರ ಸುದ್ದಿ. ಯಾರು ಸಣ್ಣ ಆದರು, ಯಾರಿಗೆ ಏನು ಕಾಯಿಲೆಯಂತೆ, ಇದೇ. ಈಚೆಗೆ ನನಗೆ ಭಯ ಶುರುವಾಗಿದೆ. ಒಬ್ಬರು ಕಾಲು ಊದುತ್ತದೆ ಎಂದು ಬಿಪಿ ಮಾತ್ರೆ ಬಿಟ್ಟು ಹದಿನೈದು ದಿನ ಆಯಿತು. ಇನ್ನೊಬ್ಬರ ಥೈರಾಯ್ಡ್ ಮಾತ್ರೆ 75, ನನ್ನದು 25. "ನಿನ್ನದು ಸಾಲಲ್ಲ ಕಣೇ, ನನ್ನದೇ ತಗೋ" ಎಂದು ಒಂದು ಡಬ್ಬಿ ಕೊಟ್ಟಿದ್ದಾರೆ. ಮತ್ತೊಬ್ಬರು ಟಿವಿ ನಟಿಯ ಜಾಹೀರಾತು ನೋಡಿ ಕೂದಲಿಗೆ ಗಮ್ಮಿ ತಿನ್ನುತ್ತಿದ್ದಾರೆ, ಅವರ ಥೈರಾಯ್ಡ್ ರಿಪೋರ್ಟ್ ಪೂರ್ತಿ ತಲೆಕೆಳಗಾಗಿ ಬಂದಿದೆ. ನಟರು ಯಾರಾದರೂ ಹಾರ್ಟ್ ಅಟ್ಯಾಕ್ ಆಗಿ ಹೋದರು ಎಂದು ಸುದ್ದಿ ಬಂದರೆ ಎರಡು ದಿನ ನಿದ್ದೆ ಬರಲ್ಲ. ಹಾಗಾಗಿ ಐವರೂ ಹೋಗಿ ಇಸಿಜಿ ಮಾಡಿಸಿದ್ದೇವೆ, ನಾರ್ಮಲ್ ಇದೆ. ನನ್ನ ಮಗ, "ಬರೀ ಕಾಯಿಲೆ, ಸೀರಿಯಲ್ಲು, ಇದೇನಮ್ಮ ಮಾತು, ಹೋಗೋದೇ ಬಿಡು" ಅಂತಾನೆ. ಬಿಡಬೇಕಾ? ಯಾವ ಮಾತು ನಂಬಬೇಕು, ಯಾವುದನ್ನು ಬಿಡಬೇಕು?

ಉತ್ತರ: ಪಾರ್ಕಿಗೆ ಹೋಗುವುದನ್ನು ಬಿಡಬೇಡಿ. ಗೆಳತಿ ಕೊಟ್ಟ ಡಬ್ಬಿಯನ್ನು ಮಾತ್ರ ಇವತ್ತೇ ವಾಪಸ್ ಕೊಡಿ. ಉಳಿದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ನನ್ನ ಕ್ಲಿನಿಕ್‌ಗೆ ಮೊದಲ ಸಲ ಬರುವ ಹೆಂಗಸರನ್ನು "ಯಾರು ಹೇಳಿದ್ದಕ್ಕೆ ಬಂದ್ರಿ?" ಎಂದು ಕೇಳುವುದು ನನ್ನ ರೂಢಿ. ಗಂಡ ಹೇಳಿದರು, ಮಕ್ಕಳು ಕಳಿಸಿದರು ಎನ್ನುವವರು ಇದ್ದಾರೆ. ಆದರೆ "ನನ್ನ ಫ್ರೆಂಡ್ ಬಯ್ದಳು ಡಾಕ್ಟ್ರೇ, ಅದಕ್ಕೇ ಬಂದೆ" ಎನ್ನುವವರೇ ಜಾಸ್ತಿ. ಕೆಮ್ಮಿದಾಗ ಮೂತ್ರ ಸೋರುವುದು, ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿದ್ದು, ರಾತ್ರಿ ಮೂರು ಗಂಟೆಗೆ ಬೆವರಿ ಎಚ್ಚರ ಆಗುವುದು, ಇವನ್ನೆಲ್ಲ ಮನೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ಗೆಳತಿಗೆ ಹೇಳಬಹುದು. ಅವಳಿಗೂ ಹಾಗೇ ಆಗಿರುತ್ತದೆ.

ಒಬ್ಬರ ವಿಷಯ ಹೇಳಲೇಬೇಕು. ವಯಸ್ಸು ಅರವತ್ತರ ಹತ್ತಿರ. ಕೆಮ್ಮು ಎಂದು ಬಂದಿದ್ದರು. ಚೀಟಿ ಬರೆಸಿಕೊಂಡು ಎದ್ದರು, ಬಾಗಿಲ ತನಕ ಹೋದರು, ಚಿಲಕದ ಮೇಲೆ ಕೈ ಇಟ್ಟು ನಿಂತರು. ವಾಪಸ್ ಬಂದು ಕುರ್ಚಿಯ ತುದಿಯಲ್ಲಿ ಕೂತು, ಬ್ಯಾಗ್ ಮಡಿಲಲ್ಲಿ ಗಟ್ಟಿ ಹಿಡಿದುಕೊಂಡು ಹೇಳಿದರು: ಮುಟ್ಟು ನಿಂತು ಆರು ವರ್ಷ ಆಗಿದೆ, ಎರಡು ತಿಂಗಳಿಂದ ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತಿದೆ. ಯಾರಿಗೂ ಹೇಳಿರಲಿಲ್ಲ. ದೇವಸ್ಥಾನದ ಜಗಲಿಯ ಮೇಲೆ ಗೆಳತಿಯರು ಯಾವುದೋ ಸೀರಿಯಲ್‌ನಲ್ಲಿ ದೊಡ್ಡಮ್ಮನ ಪಾತ್ರಕ್ಕೆ ಗರ್ಭಕೋಶದ ಕಾಯಿಲೆ ಬಂದ ಕಥೆ ಮಾತಾಡುತ್ತಿದ್ದರಂತೆ. "ಆಯಮ್ಮ ಮೊದಲೇ ತೋರಿಸ್ಕೋಬೇಕಿತ್ತು" ಎಂದು ಒಬ್ಬರು ಅಂದರು. ಆಗ ಇವರಿಗೆ ಧೈರ್ಯ ಬಂತು, ಪಕ್ಕದವರ ಕಿವಿಯಲ್ಲಿ ಹೇಳಿದರು. ಆ ಗೆಳತಿ ಮರುದಿನವೇ ಕರೆದುಕೊಂಡು ಬಂದು ಹೊರಗೆ ಕೂತಿದ್ದರು. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ ದಪ್ಪ ಕಂಡಿತು. ತುಣುಕು ತೆಗೆದು ನೋಡಿದರೆ ಕ್ಯಾನ್ಸರ್, ಆದರೆ ಇನ್ನೂ ಆರಂಭದ ಹಂತ. ಆಪರೇಷನ್ ಆಯಿತು. ಈಗಲೂ ಅವರು ಕೆಮ್ಮಿಗೆ ಬರುತ್ತಾರೆ.

ಮುಟ್ಟು ನಿಂತು ಪೂರ್ತಿ ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಲೇಬೇಕು. ಹೆಚ್ಚಿನವರಿಗೆ ಕಾರಣ ಸಣ್ಣದೇ ಇರುತ್ತದೆ, ಒಳಪದರ ಒಣಗಿ ತೆಳುವಾಗಿರುತ್ತದೆ ಅಷ್ಟೆ. ಆದರೆ ಕ್ಯಾನ್ಸರ್ ಅಲ್ಲ ಎಂದು ನೋಡದೆ ಹೇಳಲು ಬರುವುದಿಲ್ಲ. ಈ ಮಾತನ್ನು ನಿಮ್ಮ ಬೆಂಚಿನಲ್ಲಿ ದಯವಿಟ್ಟು ಹೇಳಿ.

ನಿಮ್ಮ ಮಗನಿಗೆ ಸೀರಿಯಲ್ ಮಾತು ವ್ಯರ್ಥ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಎಷ್ಟೋ ಜನ ತಮ್ಮ ಕಷ್ಟವನ್ನು ಪಾತ್ರದ ಮೇಲೆ ಹಾಕಿಯೇ ಹೇಳುತ್ತಾರೆ. "ಪಾಪ, ಅವಳಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ನೋಡು" ಎಂದು ಒಬ್ಬ ಗೆಳತಿ ಸೀರಿಯಲ್ ಸೊಸೆಯ ಬಗ್ಗೆ ಮೂರು ದಿನ ಹೇಳಿದರೆ, ನಾಲ್ಕನೇ ದಿನ "ನಿಂಗೆ ನಿದ್ದೆ ಬರ್ತಿದೆಯಾ?" ಎಂದು ಮೆಲ್ಲಗೆ ಕೇಳಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಅದು ಬೇಜಾರಲ್ಲ, ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಈಗ ಥೈರಾಯ್ಡ್ ಡಬ್ಬಿ. ಥೈರಾಯ್ಡ್ ಮಾತ್ರೆಯ ಮೇಲಿನ 25, 50, 75 ಎನ್ನುವುದು ಮೈಕ್ರೋಗ್ರಾಂ. ಜಾಸ್ತಿ ಇದ್ದರೆ ಒಳ್ಳೆಯ ಮಾತ್ರೆ, ಕಡಿಮೆ ಇದ್ದರೆ ಸಾಧಾರಣ ಮಾತ್ರೆ ಎಂದಲ್ಲ. ನಿಮ್ಮ ಗ್ರಂಥಿ ಇನ್ನೂ ಎಷ್ಟು ಕೆಲಸ ಮಾಡುತ್ತಿದೆ, ನಿಮ್ಮ ತೂಕ ಎಷ್ಟು, ವಯಸ್ಸೆಷ್ಟು, ಹೃದಯ ಹೇಗಿದೆ, ಇವನ್ನು ನೋಡಿ ಡೋಸ್ ಇಡುತ್ತೇವೆ. ನಿಮ್ಮ ಗೆಳತಿಯ ಗ್ರಂಥಿ ಬಹುತೇಕ ನಿಂತೇ ಹೋಗಿರಬಹುದು, ನಿಮ್ಮದು ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿರಬಹುದು. ಅವರ 75 ನೀವು ನುಂಗಿದರೆ ಮೊದಲ ವಾರ ಚುರುಕು ಅನ್ನಿಸಬಹುದು, ಸ್ವಲ್ಪ ತೂಕವೂ ಇಳಿಯಬಹುದು. ಅಲ್ಲೇ ಎಲ್ಲರೂ ಮೋಸ ಹೋಗುವುದು. ಆಮೇಲೆ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ನಿಮ್ಮ ವಯಸ್ಸಿನಲ್ಲಿ ಹೀಗೆ ತಿಂಗಳುಗಟ್ಟಲೆ ಜಾಸ್ತಿ ಮಾತ್ರೆ ಹೋದರೆ ಮೂಳೆ ಸವೆಯುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

25 ಸಾಲುತ್ತಿಲ್ಲ ಎಂದು ನಿಮಗೇ ಅನ್ನಿಸುತ್ತಿದ್ದರೆ ಡೋಸ್ ಬಿಟ್ಟು ಮೊದಲು ಒಂದು ವಿಷಯ ನೋಡಿ. ಮಾತ್ರೆ ಹೇಗೆ ತೆಗೆದುಕೊಳ್ಳುತ್ತಿದ್ದೀರಿ? ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಕಾಫಿ ಬೇಡ. ನಮ್ಮ ಕಡೆ ಇದೇ ಕಷ್ಟ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಕಾಫಿಯ ಜೊತೆ ಹೋದ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ನಾಲ್ಕು ಗಂಟೆ ಅಂತರ ಬೇಕು, ಅವನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ. ಇದನ್ನು ಸರಿ ಮಾಡಿಕೊಂಡು ಆರರಿಂದ ಎಂಟು ವಾರ ಬಿಟ್ಟು ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ಮಾಡಿಸಿ. ಅದಕ್ಕಿಂತ ಮುಂಚೆ ಮಾಡಿಸಿದರೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಎಷ್ಟೋ ಜನರಿಗೆ ಡೋಸ್ ಏರಿಸದೆಯೇ ಕಾಫಿ ಸಮಯ ಬದಲಾಯಿಸಿದ್ದರಿಂದ ರಿಪೋರ್ಟ್ ಸರಿ ಬಂದದ್ದನ್ನು ನೋಡಿದ್ದೇನೆ.

ಗಮ್ಮಿ ತಿನ್ನುವ ಗೆಳತಿಯ ರಿಪೋರ್ಟ್ ಬಗ್ಗೆ ನೀವು ಬರೆದಿದ್ದು ಒಳ್ಳೆಯದಾಯಿತು. ಇದು ಜನರಿಗೆ ಗೊತ್ತೇ ಇಲ್ಲ. ಕೂದಲು, ಉಗುರಿಗೆ ಎಂದು ಮಾರುವ ಗಮ್ಮಿ, ಮಾತ್ರೆಗಳಲ್ಲಿ ಸಾಮಾನ್ಯವಾಗಿ ಬಯೋಟಿನ್ ಎಂಬ ವಿಟಮಿನ್ ಇರುತ್ತದೆ. ನಮ್ಮ ಮೈಗೆ ದಿನಕ್ಕೆ ಬೇಕಾಗಿರುವುದು ಮೂವತ್ತು ನಲವತ್ತು ಮೈಕ್ರೋಗ್ರಾಂ. ಮೊಟ್ಟೆ, ಕಡಲೆಕಾಯಿ, ಕಾಳುಗಳಲ್ಲಿ ಅದು ಸಿಗುತ್ತದೆ. ಕೂದಲ ಮಾತ್ರೆಗಳಲ್ಲಿ ಕೆಲವದರಲ್ಲಿ 5,000, 10,000 ಮೈಕ್ರೋಗ್ರಾಂ ಇರುತ್ತದೆ. ಮೈಗೆ ಅದರಿಂದ ದೊಡ್ಡ ಹಾನಿ ಇಲ್ಲ, ಮೂತ್ರದಲ್ಲಿ ಹೋಗುತ್ತದೆ. ತೊಂದರೆ ಆಗುವುದು ಲ್ಯಾಬಿನಲ್ಲಿ. ಥೈರಾಯ್ಡ್ ಪರೀಕ್ಷೆ ಮಾಡುವ ಬಹಳಷ್ಟು ಯಂತ್ರಗಳು ಬಯೋಟಿನ್ ಅನ್ನೇ ಅಂಟಿನ ಹಾಗೆ ಬಳಸಿ ಹಾರ್ಮೋನ್ ಅಳೆಯುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅಳತೆ ಕೆಡುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನ್ ಟಿ4 ಇರುವುದಕ್ಕಿಂತ ಜಾಸ್ತಿ ಕಾಣಿಸುತ್ತದೆ. ಅಂದರೆ ಥೈರಾಯ್ಡ್ ಕಡಿಮೆ ಇರುವವರಿಗೆ ಜಾಸ್ತಿ ಆದ ಹಾಗೆ ರಿಪೋರ್ಟ್ ಬರುತ್ತದೆ. ಡಾಕ್ಟರಿಗೆ ಗಮ್ಮಿ ವಿಷಯ ಗೊತ್ತಿಲ್ಲದಿದ್ದರೆ ಅವರು ಮಾತ್ರೆ ಕಡಿಮೆ ಮಾಡಿಬಿಡುತ್ತಾರೆ. ಹೃದಯಾಘಾತ ಆಗಿದೆಯೋ ಇಲ್ಲವೋ ಎಂದು ನೋಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ಸುಳ್ಳು ಹೇಳಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಕೆ ಕೊಟ್ಟಿತ್ತು.

ನಿಮ್ಮ ಗೆಳತಿಗೆ ಹೇಳಿ, ಗಮ್ಮಿ ನಿಲ್ಲಿಸಿ ಮೂರು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಲಿ. ಡಬ್ಬಿಯನ್ನೂ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಲಿ. ಅಲ್ಲಿಯವರೆಗೆ ಥೈರಾಯ್ಡ್ ಮಾತ್ರೆ ಡಾಕ್ಟರನ್ನು ಕೇಳದೆ ಬದಲಾಯಿಸುವುದು ಬೇಡ. ಇನ್ನೊಂದು ಮಾತು: ಥೈರಾಯ್ಡ್ ಸರಿ ಇಲ್ಲದಿದ್ದರೆ, ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಕೂದಲು ಉದುರುತ್ತದೆ. ಅವರ ಕೂದಲಿಗೆ ಬೇಕಾದದ್ದು ಒಂದು ಹಿಮೋಗ್ಲೋಬಿನ್, ಫೆರಿಟಿನ್ ಪರೀಕ್ಷೆ ಇರಬಹುದು. ಜಾಹೀರಾತಿನ ನಟಿಯ ಕೂದಲಿನ ಹಿಂದೆ ದಿನವೂ ಕೂದಲು ಬಾಚುವವರು ಇರುತ್ತಾರೆ, ಜೋಡಿಸುವ ಕೂದಲೂ ಇರುತ್ತದೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ಅದು ಆಕೆಯ ಕೆಲಸ. ಆದರೆ ಆ ಕೂದಲು ನಮಗೆ ಅಳತೆಗೋಲಾಗಬಾರದು.

ಬಿಪಿ ಮಾತ್ರೆ ಬಿಟ್ಟವರು. ಇವರೇ ನನಗೆ ಎಲ್ಲರಿಗಿಂತ ಹೆಚ್ಚು ಚಿಂತೆ. ಕಾಲು ಊದುತ್ತದೆ ಎಂದರೆ ಅವರು ನುಂಗುತ್ತಿದ್ದದ್ದು ಅಮ್ಲೋಡಿಪಿನ್ ಇರಬಹುದು. ಬಹಳ ಜನ ತೆಗೆದುಕೊಳ್ಳುವ ಒಳ್ಳೆಯ ಮಾತ್ರೆ ಅದು. ಕೆಲವರಿಗೆ, ಅದರಲ್ಲೂ ಡೋಸ್ ಜಾಸ್ತಿ ಇದ್ದಾಗ, ಸಂಜೆ ಹೊತ್ತಿಗೆ ಪಾದದ ಗಂಟಿನ ಸುತ್ತ ನೀರು ತುಂಬುತ್ತದೆ. ಚಪ್ಪಲಿ ಬಿಗಿಯಾಗುತ್ತದೆ. ಊದಿದ ಕಾಲು ನೋಡಿದ ಕೂಡಲೇ ಬೆಂಚಿನಲ್ಲಿ ಯಾರೋ "ಕಿಡ್ನಿ ಹೋಗಿದೆ" ಎಂದಿರುತ್ತಾರೆ, ಅಲ್ವಾ? ಮಾತ್ರೆಯಿಂದ ಬಂದ ಊತವಾದರೆ ಡೋಸ್ ಇಳಿಸಿದರೆ ಅಥವಾ ಬೇರೆ ಮಾತ್ರೆಗೆ ಬದಲಾಯಿಸಿದರೆ ಹೋಗುತ್ತದೆ. ಕಿಡ್ನಿ, ಹೃದಯದಿಂದಲೂ ಕಾಲು ಊದಬಹುದು, ಆದ್ದರಿಂದ ಒಮ್ಮೆ ಮೂತ್ರ ಮತ್ತು ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ ನೋಡಿಸಬೇಕು. ಇನ್ನು ಕೆಲವರಿಗೆ ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಯಿಂದ ಒಣಕೆಮ್ಮು ಬರುತ್ತದೆ. ಅದಕ್ಕೂ ಬದಲಿ ಇದೆ. ಬಿಪಿಗೆ ಬದಲಿ ಮಾತ್ರೆಗಳಿಗೆ ಬರ ಇಲ್ಲ.

"ಬಿಟ್ಟು ಹದಿನೈದು ದಿನ ಆಯಿತು, ಏನೂ ಆಗಿಲ್ಲ" ಎಂದು ಅವರು ಹೇಳುತ್ತಿರಬಹುದು. ಬಿಪಿಗೆ ನೋವಿಲ್ಲ. 180 ಇದ್ದರೂ ಮನುಷ್ಯ ರೊಟ್ಟಿ ಬಡಿಯುತ್ತಾ, ಮಾತಾಡುತ್ತಾ, ನಗುತ್ತಾ ಇರುತ್ತಾನೆ. ಮಾತ್ರೆ ಬಿಟ್ಟ ಕೆಲವು ದಿನಗಳಲ್ಲಿ ಅದು ಸದ್ದಿಲ್ಲದೆ ಹಳೆಯ ಜಾಗಕ್ಕೆ ಏರುತ್ತದೆ. ಅವರದು ಅಟೆನಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆಯಾಗಿದ್ದರೆ ದಿಢೀರ್ ನಿಲ್ಲಿಸುವುದು ಇನ್ನೂ ಅಪಾಯ, ಎದೆನೋವೇ ಬರಬಹುದು.

ನಿಮ್ಮಲ್ಲಿ ಒಬ್ಬರ ಮನೆಯಲ್ಲಾದರೂ ಬಿಪಿ ಮೆಷಿನ್ ಇರುತ್ತದೆ. ತೋಳಿಗೆ ಕಟ್ಟುವ ಮೆಷಿನ್ ಇರಲಿ, ಮಣಿಕಟ್ಟಿಗೆ ಕಟ್ಟುವುದು ಬೇಡ. ನೋಡುವ ಕ್ರಮ ಹೇಳುತ್ತೇನೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ ಬೇಡ. ಮೂತ್ರಕ್ಕೆ ಹೋಗಿ ಬರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಆಮೇಲೆ ನಿಮ್ಮ ಗುಂಪಿಗೆ ಕಷ್ಟದ ಮಾತು: ನೋಡುವಾಗ ಮಾತಾಡಬಾರದು. ಮಾತಾಡುತ್ತಾ ನೋಡಿದರೆ ಹತ್ತು ಪಾಯಿಂಟ್ ಜಾಸ್ತಿಯೇ ತೋರಿಸಬಹುದು. ಬೆಂಚಿನ ಮೇಲೆ ಕೂತು, ನಾಲ್ಕು ಜನ ಸುತ್ತ ನಿಂತು, ಸೀರಿಯಲ್ ಕಥೆ ಹೇಳುತ್ತಾ ನೋಡಿದ ಬಿಪಿ ಲೆಕ್ಕಕ್ಕಿಲ್ಲ.

ಇನ್ನು ನಟರ ಸುದ್ದಿ ಮತ್ತು ಆ ಭಯ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಸಿನಿಮಾ ನಟರಾದರೂ ಟಿವಿಯಲ್ಲಿ ಕಾರ್ಯಕ್ರಮ ನಡೆಸಿಕೊಟ್ಟು ಮನೆಮನೆಯ ಹುಡುಗನಾಗಿದ್ದರು. ದಿನಾ ವ್ಯಾಯಾಮ ಮಾಡುವ ಮನುಷ್ಯ. ಅದೇ ವರ್ಷ ಸೆಪ್ಟೆಂಬರ್ 2ರಂದು ಹಿಂದಿ ಸೀರಿಯಲ್ ನಟ ಸಿದ್ಧಾರ್ಥ್ ಶುಕ್ಲಾ 40ನೇ ವಯಸ್ಸಿನಲ್ಲಿ ಹೋಗಿದ್ದರು. ಅಪ್ಪು ಹೋದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಮಾಮೂಲಿಗಿಂತ ಬಹಳ ಜಾಸ್ತಿ ಜನ ಪರೀಕ್ಷೆಗೆ ಬಂದರು. ನಮ್ಮಂಥ ಚಿಕ್ಕ ಕ್ಲಿನಿಕ್‌ಗಳಲ್ಲೂ ಅದೇ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಮೈಸೂರಿನ ಜಯದೇವದ ಮುಂದೆ ಬೆಳ್ಳಂಬೆಳಿಗ್ಗೆಯೇ ಜನ ಸಾಲು ನಿಂತಿದ್ದರು. ಅಪ್ಪು ಕಣ್ಣು ದಾನದಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅದನ್ನು ನೋಡಿ ಎಷ್ಟೋ ಸಾವಿರ ಜನ ಕಣ್ಣು ದಾನಕ್ಕೆ ಹೆಸರು ಬರೆಸಿದರು. ಪ್ರೀತಿಯ ನಟನೊಬ್ಬ ಹೋದಾಗ ಜನ ತಮ್ಮ ದೇಹದ ಕಡೆ ತಿರುಗಿ ನೋಡುತ್ತಾರೆ. ಅದು ಒಳ್ಳೆಯದೇ.

ಆದರೆ ಇಸಿಜಿ ನಾರ್ಮಲ್ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಇಸಿಜಿ ಆ ಹೊತ್ತಿನಲ್ಲಿ ಹೃದಯದ ಕರೆಂಟು ಹೇಗೆ ಓಡುತ್ತಿದೆ ಎಂದು ತೋರಿಸುತ್ತದೆ. ರಕ್ತನಾಳದಲ್ಲಿ ಅರ್ಧ ಕೊಬ್ಬು ಕಟ್ಟಿದ್ದರೂ ಸುಮ್ಮನೆ ಮಲಗಿದಾಗ ಇಸಿಜಿ ಚೆನ್ನಾಗಿಯೇ ಬರಬಹುದು. ಐದು ಜನ ಇಸಿಜಿ ಮಾಡಿಸಿದಿರಿ, ಅದರಲ್ಲಿ ಒಬ್ಬರು ಬಿಪಿ ಮಾತ್ರೆ ಬಿಟ್ಟಿದ್ದಾರೆ. ನನಗೆ ಇದೇ ಸಂಕಟ. ಹೃದಯವನ್ನು ಕಾಯುವುದು ಬಿಪಿ, ಶುಗರ್, ಕೊಲೆಸ್ಟ್ರಾಲ್ ಹತೋಟಿಯಲ್ಲಿ ಇಡುವುದು, ತಂಬಾಕು ಮುಟ್ಟದಿರುವುದು, ದಿನಾ ನಡೆಯುವುದು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ನಿಮ್ಮ ಗುಂಪಿನಲ್ಲಿದ್ದರೆ ಅದೂ ತಂಬಾಕೇ. ಸುದ್ದಿಯಲ್ಲಿ ಇವು ಬರುವುದಿಲ್ಲ.

ಹೃದಯದ ವಿಷಯದಲ್ಲಿ ನಿಮ್ಮ ಬೆಂಚಿಗೆ ನಾನು ಹೇಳಬೇಕಾದ ದೊಡ್ಡ ಮಾತು "ಗ್ಯಾಸು". ನಮ್ಮ ಮನೆಯಲ್ಲೇ ಆದದ್ದು. ನನ್ನ ಸೋದರತ್ತೆಗೆ ಒಂದು ರಾತ್ರಿ ಊಟ ಆದ ಮೇಲೆ ಟಿವಿ ನೋಡುವಾಗ ಎದೆ ಭಾರ ಅನ್ನಿಸಿತು. ದವಡೆ ಎಳೆಯುತ್ತಿದೆ ಎಂದರು. ಮೈಯೆಲ್ಲ ಬೆವರಿತ್ತು. ಮನೆಯವರು ಜೀರಿಗೆ ಕಷಾಯ ಕೊಟ್ಟರು, ಆಮೇಲೆ ಸೋಡಾ. ಅಕ್ಕಪಕ್ಕದವರು ಬಂದು ಬೆನ್ನು ನೀವಿದರು. "ನಂಗೂ ಹೀಗೇ ಆಗಿತ್ತು, ತೇಗು ಬಂದ್ರೆ ಹೋಗುತ್ತೆ" ಎಂದು ಒಬ್ಬರು ಧೈರ್ಯ ಹೇಳಿದರು. ಪ್ರೀತಿಯಿಂದಲೇ ಹೇಳಿದ ಮಾತು. ಬೆಳಿಗ್ಗೆವರೆಗೆ ಕಾದರು. ನಾನು ಆಗ ಬೇರೆ ಊರಿನಲ್ಲಿ ಓದುತ್ತಿದ್ದೆ. ಫೋನ್ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ.

ಹೆಂಗಸರಿಗೆ, ಅದರಲ್ಲೂ ಶುಗರ್ ಇರುವವರಿಗೆ, ಹೃದಯಾಘಾತ ಸೀರಿಯಲ್‌ನಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಕುಸಿಯುವ ಥರ ಬರದೆ ಇರಬಹುದು. ದವಡೆ ನೋವು, ಎರಡು ಭುಜದ ಮಧ್ಯೆ ಬೆನ್ನು ನೋವು, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಂತಿ ಬಂದ ಹಾಗೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಾರಣವಿಲ್ಲದೆ ಸುಸ್ತು, ತಣ್ಣನೆಯ ಬೆವರು. ನಡೆದರೆ ಜಾಸ್ತಿಯಾಗಿ ನಿಂತರೆ ಕಡಿಮೆಯಾಗುವ "ಗ್ಯಾಸು" ಗ್ಯಾಸಲ್ಲ. ಬೆವರಿನ ಜೊತೆ ಬಂದ ಗ್ಯಾಸೂ ಗ್ಯಾಸಲ್ಲ. ಹೀಗಾದರೆ ಕಷಾಯ ಕಾಯಿಸಲು ಹೋಗಬೇಡಿ, 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲಿ ಪ್ರಜ್ಞೆ ತಪ್ಪಬಹುದು.

ಅಪ್ಪು ಹೆಸರಿನಲ್ಲೇ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆ 2024ರ ಮಾರ್ಚ್‌ನಲ್ಲಿ ಶುರುವಾಯಿತು. ಯೋಜನೆಯಲ್ಲಿ ಸೇರಿದ ತಾಲ್ಲೂಕು ಆಸ್ಪತ್ರೆಗೆ ಎದೆನೋವು ಎಂದು ಹೋದರೆ ಅಲ್ಲೇ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಹೌದು ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಇದರ ಫಲ ಹೆಚ್ಚು. ನಿಮ್ಮಲ್ಲಿ ಯಾರದಾದರೂ ತವರು ಹಳ್ಳಿ ಕಡೆ ಇದ್ದರೆ, ಅಲ್ಲಿ ವಯಸ್ಸಾದವರಿದ್ದರೆ, ಅವರ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯೇ ಎಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ವಿಚಾರಿಸಲು ಆಗುವುದಿಲ್ಲ.

ಸೀರಿಯಲ್ ಆಸ್ಪತ್ರೆಯ ಬಗ್ಗೆ ಎರಡೇ ಮಾತು. ಪರದೆ ಮೇಲೆ ಗೆರೆ ನೇರವಾಗುತ್ತದೆ, ಡಾಕ್ಟರ್ ಎದೆಗೆ ಶಾಕ್ ಕೊಡುತ್ತಾರೆ, ಗೆರೆ ಮತ್ತೆ ಕುಣಿಯುತ್ತದೆ. ನಿಜದಲ್ಲಿ ಗೆರೆ ಪೂರ್ತಿ ನೇರವಾದಾಗ ಶಾಕ್ ಕೊಡುವುದಿಲ್ಲ. ತಾಳ ತಪ್ಪಿ ಒದ್ದಾಡುವ ಹೃದಯಕ್ಕೆ ಶಾಕ್, ನಿಂತ ಹೃದಯಕ್ಕೆ ಎದೆ ಒತ್ತುವುದು ಮತ್ತು ಔಷಧಿ. ನಿಮ್ಮ ಎದುರಿಗೆ ಯಾರಾದರೂ ಕುಸಿದು, ಅಲ್ಲಾಡಿಸಿದರೂ ಏಳದೆ, ಉಸಿರೂ ಸರಿ ಇಲ್ಲದಿದ್ದರೆ ಎದೆಯ ಮಧ್ಯೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ನೀರು ಕುಡಿಸಬೇಡಿ. ಎರಡನೆಯದು, ಸೊಸೆ ತಲೆ ಸುತ್ತಿ ಬಿದ್ದಳು, ಅಜ್ಜಿ ನಾಡಿ ಹಿಡಿದು "ಸಿಹಿ ಸುದ್ದಿ" ಎಂದಳು. ನಾಡಿ ಹಿಡಿದು ಬಸಿರು ಹೇಳಲಾಗುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ತಲೆ ಸುತ್ತಿ ಬಿದ್ದರೆ ರಕ್ತ ಕಡಿಮೆ ಇರಬಹುದು, ಶುಗರ್ ಇಳಿದಿರಬಹುದು, ಬಿಪಿ ಮಾತ್ರೆ ಜಾಸ್ತಿಯಾಗಿರಬಹುದು, ಹೃದಯದ ಬಡಿತ ನಿಧಾನವಾಗಿರಬಹುದು. ತೋರಿಸಬೇಕು.

ಯಾರು ಸಣ್ಣ ಆದರು ಎನ್ನುವ ಮಾತು. ಇದನ್ನು ಕಡಿಮೆ ಮಾಡಿದರೆ ನನಗೆ ಸಂತೋಷ. ಸೀರಿಯಲ್ ಹೆಣ್ಣುಮಕ್ಕಳು ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತಾರೆ, ಸ್ವಲ್ಪ ದಪ್ಪ ಆದರೂ ಸಾವಿರ ಜನ ಅನ್ನುತ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡದ ಯುವ ಸೀರಿಯಲ್ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್ ನಂತರ ತೀರಿಕೊಂಡರು. 21 ವರ್ಷ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಈಗ ವಾರಕ್ಕೊಮ್ಮೆ ಹಾಕುವ ತೂಕ ಇಳಿಸುವ ಇಂಜೆಕ್ಷನ್‌ಗಳು, ಟಿರ್ಜೆಪಟೈಡ್, ಸೆಮಾಗ್ಲುಟೈಡ್, 2025ರಿಂದ ನಮ್ಮಲ್ಲೂ ಸಿಗುತ್ತಿವೆ. ಯಾವ ನಟಿ ಹಾಕಿಸಿಕೊಂಡರು ಎಂದು ಊಹೆ ಮಾಡುವುದು ಬೇಡ, ಅದು ಅವರ ಸ್ವಂತ ವಿಷಯ. ನಿಮ್ಮಲ್ಲಿ ತೂಕ ತುಂಬ ಜಾಸ್ತಿ ಇದ್ದು ಜೊತೆಗೆ ಶುಗರ್ ಇರುವವರಿಗೆ ಇವು ನಿಜವಾಗಿ ಉಪಯೋಗ ಆಗಬಹುದು, ಆದರೆ ಡಾಕ್ಟರ್ ಪರೀಕ್ಷೆ ಮಾಡಿ ಬರೆದುಕೊಟ್ಟರೆ ಮಾತ್ರ. ಯಾರದೋ ಪರಿಚಯದವರಿಂದ ತರಿಸಿ ಚುಚ್ಚಿಕೊಳ್ಳುವುದು ಬೇಡವೇ ಬೇಡ.

ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಹಾಗೇ ಕೇಳಿ ತರುವ ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ದಿನಾ ಬೇಡ. ಬಿಪಿ ಏರಿಸುತ್ತದೆ, ಕಿಡ್ನಿಗೂ ಹೊಟ್ಟೆಗೂ ಕೆಟ್ಟದ್ದು. ಬದಲಿಗೆ ಸೀರಿಯಲ್ ಮಧ್ಯೆ ಜಾಹೀರಾತು ಬರುತ್ತದಲ್ಲ, ಆಗ ಕುರ್ಚಿಯಲ್ಲೇ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿ ಹಿಡಿದು ಹತ್ತು ಎಣಿಸಿ, ಇಳಿಸಿ, ಇನ್ನೊಂದು ಕಾಲು. ಹತ್ತು ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಒಂದು ವಾರದಲ್ಲಿ ಏನೂ ಗೊತ್ತಾಗುವುದಿಲ್ಲ, ಎರಡು ತಿಂಗಳು ಬಿಡದೆ ಮಾಡಿ.

ಪಾರ್ಕಿಗೆ ಹೋದ ಕೂಡಲೇ ಬೆಂಚು ಹಿಡಿಯಬೇಡಿ. ಮೊದಲು ಅರ್ಧ ಗಂಟೆ ಐವರೂ ಸುತ್ತು ಹಾಕಿ, ನಡೆಯುತ್ತಲೇ ಮಾತಾಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರು ಸಾಕು. ಆಮೇಲೆ ಕೂತು ಸೀರಿಯಲ್ ಸುದ್ದಿ ಎಷ್ಟು ಬೇಕಾದರೂ ಮಾತಾಡಿ. ಯಾವ ಮಾತು ನಂಬಬೇಕು ಎಂದು ಕೇಳಿದ್ದಿರಿ. "ನಂಗೆ ಹೀಗಾಯ್ತು, ಇಂಥಲ್ಲಿ ತೋರಿಸಿದೆ, ಇಂಥ ಪರೀಕ್ಷೆ ಮಾಡಿದರು" ಎನ್ನುವುದನ್ನು ಕಿವಿಗೊಟ್ಟು ಕೇಳಿ. "ಇದನ್ನು ನುಂಗು, ಅದನ್ನು ಬಿಡು" ಎನ್ನುವುದನ್ನು ಕೇಳಿ ಡಾಕ್ಟರ ಹತ್ತಿರ ಹೋಗಿ, ಅಲ್ಲಿ ಕೇಳಿ.

ಬಿಪಿ ಮಾತ್ರೆ ಬಿಟ್ಟವರ ವಿಷಯ ಮಾತ್ರ ತಡ ಮಾಡಬೇಡಿ. ಇವತ್ತು ಸಂಜೆ ಅವರ ಮನೆಗೇ ಹೋಗಿ. ಸುಮ್ಮನೆ ಕೂರಿಸಿ ಬಿಪಿ ನೋಡಿ, ಬರೆದಿಡಿ. ಮೇಲಿನದು 180, ಇಲ್ಲವೇ ಕೆಳಗಿನದು 120 ದಾಟಿದ್ದರೆ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರೂ ಅಷ್ಟೇ ಇದ್ದರೆ, ಅಥವಾ ತಲೆನೋವು, ಕಣ್ಣು ಮಂಜು, ಎದೆನೋವು, ಮಾತು ತೊದಲುವುದು ಏನಾದರೂ ಇದ್ದರೆ ಈ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ, ಹಳೆಯ ಮಾತ್ರೆಯ ಶೀಟು ಮತ್ತು ನೀವು ಬರೆದ ಚೀಟಿ ಹಿಡಿದು ಅವರ ಡಾಕ್ಟರ ಹತ್ತಿರ. ಒಬ್ಬರನ್ನೇ ಕಳಿಸಬೇಡಿ, ನೀವೂ ಹೋಗಿ. ಕಾಲು ಊದುತ್ತದೆ ಎಂದು ಅವರು ಹೇಳಲು ಹಿಂಜರಿದರೆ ನೀವೇ ಹೇಳಿ.